ಬಿಸಿ ಚಕ್ರ, ತಣ್ಣನೆಯ ಚಕ್ರ

ಮಾವಿನ ಸುಗ್ಗಿಯ ಕಾಲ. ಕೆಲವು ವಿದ್ಯಾರ್ಥಿಗಳೊಡನೆ ಸಾವನದುರ್ಗದ ಬಂಡೆಯನ್ನು ಹತ್ತಿ ಇಳಿದು, ಮಾಗಡಿಯಿಂದ ರಾಮನಗರದ ಕಡೆಗೆ ನಾವು ಹಿಂತಿರುಗುತ್ತಿದ್ದೆವು. ದಾರಿಯಲ್ಲಿ ಒಂದು ಇಳಿಜಾರು ಮುಗಿಯುವೆಡೆ, ಹುಣಸೆಮರದ ನೆರಳಿನಲ್ಲಿ, ಮಾವಿನಕಾಯಿಯನ್ನು ಹೇರಿಕೊಂಡ ಟ್ರ್ಯಾಕ್ಟರೊಂದು ನಿಂತಿತ್ತು. ಅದರ ಹಿಂದಿನ ಟ್ರೇಲರಿನ ಎಡಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಹೇರಿನ ಮೇಲೆ ಕುಳಿತು ಬಂದಿದ್ದ ಇಬ್ಬರು ಆಳುಗಳು ಕೆಳಗಿಳಿದು ದೂರ ನಿಂತಿದ್ದರು. ಟ್ರ್ಯಾಕ್ಟರಿನ ಯಜಮಾನರು, ಅರವತ್ತು ದಾಟಿದ ರೈತರು, ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು.

"ಮುಟ್ಟಬೇಡಿ ಮೇಷ್ಟ್ರೇ, ಕೈ ಸುಟ್ಟೀತು" ಎಂದು ಅವರು ನಮ್ಮನ್ನು ತಡೆದರು. "ಈ ಕಡೆ ಚಕ್ರ ಕೆಂಡದ ಹಾಗೆ ಕಾದಿದೆ. ಆ ಕಡೆಯದು ತಣ್ಣಗೆ, ಏನೂ ಆಗದ ಹಾಗೆ ಇದೆ. ಒಂದೇ ಅಚ್ಚಿನ ಎರಡು ಚಕ್ರಕ್ಕೆ ಇದೇನು ಭೇದ? ಹುಡುಗರಿಗೆ ಪಾಠ ಹೇಳುವವರು, ನೀವೇ ಹೇಳಿ."

ನಮ್ಮ ವಿದ್ಯಾರ್ಥಿಗಳಲ್ಲೊಬ್ಬನು ಕೂಡಲೆ, "ಎಡಚಕ್ರದ ಬೇರಿಂಗು ಕೆಟ್ಟಿರಬೇಕು" ಎಂದನು. ನಾವೂ ಹಾಗೆಯೇ ಎಣಿಸಿದೆವು. ಆ ಎಣಿಕೆ ತಪ್ಪೆಂದು ತಿಳಿದದ್ದು ಮರುದಿನ, ರಾಮನಗರದ ಕಾರ್ಯಾಗಾರವೊಂದರಲ್ಲಿ ಚಕ್ರಗಳನ್ನು ಬಿಚ್ಚಿದಾಗ. ಕಾದ ಚಕ್ರ ಏಕೆ ಕಾದಿತು, ತಣ್ಣನೆಯ ಚಕ್ರ ಏಕೆ ತಣ್ಣಗಿತ್ತು ಎಂಬುದನ್ನು ಅರಿಯಲು ವಾಚಕರು ನಮ್ಮೊಡನೆ ಚಕ್ರದ ಒಳಗೆ ಒಮ್ಮೆ ಇಣಿಕಿ ನೋಡಬೇಕು.

ಒಂದೇ ಗುಂಬದಲ್ಲಿ ಇಬ್ಬರು

ಎತ್ತಿನ ಗಾಡಿಯ ಗಾಲಿಯನ್ನು ಎಲ್ಲರೂ ಬಲ್ಲರು. ನಡುವೆ ಗುಂಬ, ಗುಂಬದೊಳಗೆ ಅಚ್ಚು, ಗಾಲಿ ಕಳಚದಂತೆ ಅಚ್ಚಿನ ತುದಿಗೆ ಕಡಾಣಿ. ಅಚ್ಚಿನ ಮೇಲೆ ಗುಂಬ ಜಾರುತ್ತ ತಿರುಗುವುದರಿಂದ ಅಲ್ಲಿ ಜಾರು ಘರ್ಷಣೆಯುಂಟು. ಅದನ್ನು ತಗ್ಗಿಸಲು ನಮ್ಮ ಹಿರಿಯರು ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಕೀಲೆಣ್ಣೆ ಮಾಡಿ ಹಚ್ಚುತ್ತಿದ್ದರು. ಕೀಲೆಣ್ಣೆ ಒಣಗಿದರೆ ಗಾಡಿ ಕಿರುಗುಟ್ಟುತ್ತಿತ್ತು; ಆ ಸದ್ದೇ ಗಾಡಿಯವನಿಗೆ ಎಚ್ಚರಿಕೆ.

ಟ್ರೇಲರಿನ ಚಕ್ರದಲ್ಲಿ ಗುಂಬದ ಸ್ಥಾನವನ್ನು ಹಬ್ಬು ಪಡೆದಿದೆ. ಅಚ್ಚಿಗೂ ಹಬ್ಬಿಗೂ ನಡುವೆ, ಒಳಗಡೆ ದೊಡ್ಡದು ಹೊರಗಡೆ ಸಣ್ಣದು ಎಂಬಂತೆ, ಎರಡು ಟೇಪರ್ ರೋಲರ್ ಬೇರಿಂಗುಗಳಿರುತ್ತವೆ. ಒಂದು ತುದಿ ಸಣ್ಣಗಿರುವ ಉಕ್ಕಿನ ಉರುಳೆಗಳ ಸಾಲು ಒಂದು ಉಂಗುರದ ಒಳಗೆ ಉರುಳುವ ಏರ್ಪಾಡು ಇದು. ಅಮೆರಿಕದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕೆನ್ ಎಂಬುವನು 1898ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಉರುಳೆಗಳು ಓರೆಯಾಗಿರುವುದರಿಂದ ಮೇಲಿನ ಭಾರವನ್ನಷ್ಟೇ ಅಲ್ಲದೆ, ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತಡವನ್ನೂ ಇವು ಹೊರಬಲ್ಲವು. ಜಾರುವ ಬದಲು ಉರುಳುವುದರಿಂದ ಘರ್ಷಣಾಂಕವು ಸುಮಾರು 0.002ಕ್ಕೆ ಇಳಿಯುತ್ತದೆ.

ಅದೇ ಚಕ್ರದಲ್ಲಿ, ಬೇರಿಂಗಿನಿಂದ ಗೇಣುದ್ದವೂ ದೂರವಿಲ್ಲದೆ, ಬ್ರೇಕು ಕುಳಿತಿದೆ. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಡ್ರಮ್ಮು, ಅದರೊಳಗೆ ಅಚ್ಚಿಗೆ ಬಿಗಿದ ತಟ್ಟೆಯ ಮೇಲೆ ಎರಡು ಬಿಲ್ಲಿನಾಕಾರದ ಶೂಗಳು, ಶೂಗಳ ಮೈಗೆ ಅಂಟಿಸಿದ ಅಥವಾ ರಿವೆಟ್ಟಿನಿಂದ ಬಿಗಿದ ಲೈನಿಂಗು. ಶೂಗಳು ಅಗಲಿ ಡ್ರಮ್ಮಿನ ಒಳಮೈಯನ್ನು ಒತ್ತಿದಾಗ ಚಕ್ರದ ವೇಗ ತಗ್ಗುತ್ತದೆ. ಕಬ್ಬಿಣದ ಮೇಲೆ ಲೈನಿಂಗಿನ ಘರ್ಷಣಾಂಕ ಸುಮಾರು 0.35.

ಈ ಎರಡು ಸಂಖ್ಯೆಗಳನ್ನು ವಾಚಕರು ಒಮ್ಮೆ ಹೋಲಿಸಿ ನೋಡಬೇಕು. ಒಂದು ಇನ್ನೊಂದರ ನೂರೆಪ್ಪತ್ತೈದು ಪಟ್ಟು. ಘರ್ಷಣೆಯಿದ್ದರೆ ಬೇರಿಂಗು ಸಾಯುತ್ತದೆ. ಘರ್ಷಣೆಯಿಲ್ಲದಿದ್ದರೆ ಬ್ರೇಕು ಸಾಯುತ್ತದೆ. ಒಬ್ಬನಿಗೆ ಗ್ರೀಸು ಅಮೃತ, ಪಕ್ಕದ ಮನೆಯವನಿಗೆ ಅದೇ ವಿಷ. ಈ ಇಬ್ಬರ ನಡುವೆ ಗೋಡೆಯಾಗಿ ನಿಂತಿರುವುದು ಅಂಗೈಯಷ್ಟಗಲದ ಒಂದು ರಬ್ಬರ್ ಉಂಗುರ. ಕಾರ್ಯಾಗಾರಗಳಲ್ಲಿ ಇದನ್ನು ಆಯಿಲ್ ಸೀಲು ಎನ್ನುತ್ತಾರೆ.

ಅರಗಿನ ಪಾಠ

ಘರ್ಷಣೆಯಿಂದ ಉಷ್ಣ ಹುಟ್ಟುವುದನ್ನು ಕಣ್ಣಾರೆ ಕಾಣಬೇಕೆಂದರೆ ಚನ್ನಪಟ್ಟಣದ ಬೊಂಬೆ ಕೆಲಸಗಾರರ ಬಳಿಗೆ ಹೋಗಬೇಕು. ಲೇತಿನಲ್ಲಿ ಹಾಲೆಮರದ ತುಂಡು ರಭಸದಿಂದ ತಿರುಗುತ್ತಿರುತ್ತದೆ. ಕೆಲಸಗಾರನು ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ಒಲೆಯಿಲ್ಲ, ಬೆಂಕಿಯಿಲ್ಲ; ಆದರೂ ಅರಗು ಮೆದುವಾಗಿ ಮರದ ಮೇಲೆ ಹರಡಿಕೊಳ್ಳುತ್ತದೆ. ಅನಂತರ ಒಣಗಿದ ಗರಿಯ ತುಂಡನ್ನು ಒತ್ತಿ ಉಜ್ಜಿದರೆ ಬೊಂಬೆಗೆ ಹೊಳಪು ಬರುತ್ತದೆ. ಇಲ್ಲಿ ಒಲೆಯ ಕೆಲಸವನ್ನು ಮಾಡಿದ್ದು ಘರ್ಷಣೆಯೇ.

1798ರಲ್ಲಿ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ಮ್ಯೂನಿಕ್ ನಗರದಲ್ಲಿ ಫಿರಂಗಿಯ ನಳಿಗೆಯನ್ನು ಮೊಂಡು ಬೈರಿಗೆಯಿಂದ ಕೊರೆಯಿಸಿ, ಆ ಉಷ್ಣದಿಂದಲೇ ನೀರನ್ನು ಕುದಿಸಿ ತೋರಿಸಿದ್ದನ್ನು ಲೋಕಕ್ಕೆ ವರದಿ ಮಾಡಿದನು. ಬೈರಿಗೆಯನ್ನು ತಿರುಗಿಸುತ್ತಿದ್ದದ್ದು ಕುದುರೆಗಳು. ತಿರುಗಿಸುತ್ತಿರುವವರೆಗೂ ಉಷ್ಣ ಹುಟ್ಟುತ್ತಲೇ ಇತ್ತು. ಮುಂದೆ ಜೇಮ್ಸ್ ಜೂಲ್ ಎಂಬಾತನು 1840ರ ದಶಕದಲ್ಲಿ ಎಷ್ಟು ಕೆಲಸಕ್ಕೆ ಎಷ್ಟು ಉಷ್ಣ ಎಂಬುದನ್ನು ಅಳೆದನು. ಕಳೆದುಹೋದಂತೆ ಕಾಣುವ ಚಲನೆಯು ಉಷ್ಣವಾಗಿ ಮಾರ್ಪಟ್ಟಿರುತ್ತದೆಂಬುದು ಅಲ್ಲಿಂದ ಸ್ಥಿರವಾಯಿತು. ಬ್ರೇಕು ಎಂಬುದು ಚಲನೆಯನ್ನು ನಾಶಮಾಡುವ ಯಂತ್ರವಲ್ಲ. ಅದನ್ನು ಉಷ್ಣವಾಗಿ ಮಾರ್ಪಡಿಸಿ ಗಾಳಿಗೆ ಬಿಡುವ ಯಂತ್ರ.

ಇಳಿಜಾರಿನ ಲೆಕ್ಕ

ಹೇರು ಸಹಿತ 5 ಟನ್ನು ತೂಗುವ, ಎರಡು ಚಕ್ರದ ಟ್ರೇಲರೊಂದು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆಯೆನ್ನೋಣ. ಅದರ ಚಲನಶಕ್ತಿ ಸುಮಾರು 1,20,000 ಜೂಲ್. ಅದೇ ಟ್ರೇಲರು ವೇಗ ಹೆಚ್ಚಿಸದೆ 20 ಮೀಟರು ಎತ್ತರದ ದಿಣ್ಣೆಯನ್ನು ಇಳಿದರೆ? ತೂಕ, ಗುರುತ್ವ, ಎತ್ತರ ಇವುಗಳನ್ನು ಗುಣಿಸಿದಾಗ 9,80,000 ಜೂಲ್ ಬರುತ್ತದೆ. ಮೊದಲನೆಯದರ ಎಂಟು ಪಟ್ಟು! ಮೂರು ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಉಷ್ಣ ಸಾಕು. "ನಿಧಾನವಾಗಿಯೇ ಇಳಿದೆನಲ್ಲ, ಬ್ರೇಕು ಏಕೆ ಕಾಯಿತು?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಬ್ರೇಕನ್ನು ಕಾಯಿಸುವುದು ವೇಗವೊಂದೇ ಅಲ್ಲ, ಎತ್ತರವೂ ಹೌದು.

ಈ ಉಷ್ಣವೆಲ್ಲ ತಲಾ 20 ಕಿಲೋಗ್ರಾಮಿನ ಎರಡು ಡ್ರಮ್ಮುಗಳಿಗೆ ಸಮನಾಗಿ ಹಂಚಿಹೋದರೆ, ಗಾಳಿಗೆ ಹೋಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಅವುಗಳ ಉಷ್ಣತೆ 53 ಡಿಗ್ರಿಯಷ್ಟು ಏರುತ್ತದೆ. ಒಂದೇ ಡ್ರಮ್ಮಿನ ಪಾಲಿಗೆ ಬಂದರೆ 106 ಡಿಗ್ರಿ. ಕನಕಪುರದಿಂದ ಸಂಗಮದ ಕಡೆಗೆ ಕಾವೇರಿಯ ಕಣಿವೆಗೆ ಇಳಿಯುವಂಥ ದಾರಿಯಲ್ಲಿ 20 ಮೀಟರಿಗೆ ದಿಣ್ಣೆ ಮುಗಿಯುವುದಿಲ್ಲ. ಇಳಿತ ಇಮ್ಮಡಿಯಾದರೆ ಉಷ್ಣವೂ ಇಮ್ಮಡಿ.

ಡ್ರಮ್ಮು ಕಾದರೆ ಆಗುವ ಕೇಡು ಎರಡು ಬಗೆಯದು. ಮೊದಲನೆಯದು, ಅತಿಯಾಗಿ ಕಾದ ಲೈನಿಂಗಿನ ಹಿಡಿತ ಕುಗ್ಗುತ್ತದೆ. ಎರಡನೆಯದು, ಡ್ರಮ್ಮು ಹಿಗ್ಗುತ್ತದೆ. 300 ಮಿಲಿಮೀಟರು ವ್ಯಾಸದ ಡ್ರಮ್ಮು 200 ಡಿಗ್ರಿ ಕಾದರೆ ಅದರ ವ್ಯಾಸ ಸುಮಾರು 0.66 ಮಿಲಿಮೀಟರು ಬೆಳೆಯುತ್ತದೆ. ಶೂಗಳು ಆ ಅಂತರವನ್ನು ದಾಟಿ ಹೋಗಿ ಒತ್ತಬೇಕಾದುದರಿಂದ ಚಾಲಕನ ಪೆಡಲು ಇನ್ನೂ ಕೆಳಗಿಳಿಯುತ್ತದೆ. ಬ್ರೇಕು ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತ ಬರುತ್ತದೆಂಬುದು ಇದರ ಕ್ರೂರತೆ.

ಇನ್ನು ಬೇರಿಂಗಿನ ಲೆಕ್ಕ. ಹತ್ತು ಮೀಟರು ಸಾಗಿದರೆ ಒಂದು ಮೀಟರು ಇಳಿಯುವ ರಸ್ತೆಯಲ್ಲಿ, ಅದೇ ವೇಗದಲ್ಲಿ, ಒಂದೊಂದು ಬ್ರೇಕಿನಲ್ಲಿ ಹುಟ್ಟುವ ಉಷ್ಣ ಸುಮಾರು 17,000 ವಾಟ್. ಆರೋಗ್ಯವಾಗಿರುವ ಬೇರಿಂಗುಗಳಲ್ಲಿ ಹುಟ್ಟುವುದು ಸುಮಾರು 20 ವಾಟ್ ಮಾತ್ರ, ಒಂದು ಸಣ್ಣ ದೀಪದಷ್ಟು. ಆದ್ದರಿಂದ ಬ್ರೇಕನ್ನೇ ಮುಟ್ಟದೆ ಸಮತಟ್ಟಿನಲ್ಲಿ ಕೆಲವು ಕಿಲೋಮೀಟರು ಓಡಿಸಿದ ಮೇಲೂ ಹಬ್ಬು ಸುಡುವಂತಿದ್ದರೆ, ಬೇರಿಂಗಿಗೆ ರೋಗ ಬಂದಿದೆ ಅಥವಾ ಬ್ರೇಕಿನ ಶೂ ಡ್ರಮ್ಮನ್ನು ಬಿಡದೆ ಉಜ್ಜುತ್ತಿದೆ ಎಂದೇ ತಿಳಿಯಬೇಕು. ಹಬ್ಬಿನ ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಬೇರಿಂಗಿನ ಮೇಲೆ, ಡ್ರಮ್ಮಿನ ಅಂಚು ಹೆಚ್ಚು ಬಿಸಿಯಾಗಿದ್ದರೆ ಬ್ರೇಕಿನ ಮೇಲೆ ಸಂಶಯ ಹೋಗಬೇಕು.

ಬ್ರೇಕಿಲ್ಲದ ಟ್ರೇಲರು

ನಾವು ಕಂಡ ಟ್ರೇಲರಿಗೆ ಬ್ರೇಕಾದರೂ ಇತ್ತು. ನಮ್ಮ ಹಳ್ಳಿಗಳಲ್ಲಿ ಕಲ್ಲು, ಇಟ್ಟಿಗೆ, ರಾಗಿಹುಲ್ಲು ಹೇರಿಕೊಂಡು ಓಡುವ ಅನೇಕ ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಟ್ರ್ಯಾಕ್ಟರಿನ ಬ್ರೇಕು ಸಾಲದೆ ಎಂದು ಕೇಳುವವರಿದ್ದಾರೆ. ಲೆಕ್ಕ ಮಾಡಿ ನೋಡೋಣ.

2 ಟನ್ನಿನ ಟ್ರ್ಯಾಕ್ಟರು, 5 ಟನ್ನಿನ ಟ್ರೇಲರು, ಒಟ್ಟು 7 ಟನ್ನು. ರಸ್ತೆಗೂ ಟೈರಿಗೂ ನಡುವಣ ಘರ್ಷಣಾಂಕ 0.5 ಇರಲಿ. ಎಲ್ಲ ಚಕ್ರಗಳಿಗೂ ಬ್ರೇಕು ಬಿದ್ದರೆ 25 ಕಿಲೋಮೀಟರ್ ವೇಗದಿಂದ ಸುಮಾರು 5 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಟ್ರ್ಯಾಕ್ಟರಿನ 2 ಟನ್ನು ಮಾತ್ರ ರಸ್ತೆಯನ್ನು ಹಿಡಿದರೆ ನಿಲ್ಲಲು 17 ಮೀಟರು ಬೇಕು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಅದು 57 ಮೀಟರಾಗುತ್ತದೆ. ಏಳಕ್ಕೆ ಒಂದರ ಇಳಿಜಾರಿನಲ್ಲಿ ಹಿಡಿಯುವ ಬಲ, ತಳ್ಳುವ ಬಲ ಎರಡೂ ಸರಿಸಮ. ಗಾಡಿ ನಿಲ್ಲುವುದೇ ಇಲ್ಲ! ಸಾಮಾನ್ಯವಾಗಿ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕಿರುವುದರಿಂದ ನಿಜಸ್ಥಿತಿ ಇದಕ್ಕಿಂತಲೂ ಕೆಟ್ಟದು. ಹಿಂದಿನಿಂದ ಟ್ರೇಲರು ತಳ್ಳುತ್ತಿರುವಾಗ ಟ್ರ್ಯಾಕ್ಟರು ಸ್ವಲ್ಪ ಓರೆಯಾದರೆ ಸಾಕು, ಎರಡೂ ಚಾಕುವಿನಂತೆ ಮಡಚಿಕೊಂಡು ಉರುಳುತ್ತವೆ. ಹೇರಿನ ಮೇಲೆ ಕುಳಿತವರ ಗತಿಯನ್ನು ಹೇಳಬೇಕಾಗಿಲ್ಲ. ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರಿಗೆ ಬಂದು ಎಂಜಿನ್ನಿನಿಂದಲೂ ತಡೆಯಬೇಕು, ನ್ಯೂಟ್ರಲ್ಲಿನಲ್ಲಿ ಎಂದಿಗೂ ಇಳಿಯಬಾರದು ಎನ್ನುವುದು ಇದಕ್ಕಾಗಿಯೇ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರುಗಳ ಓಡಾಟವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಲಾಯಿತು. ಆದರೆ ದಿಣ್ಣೆಗಳೂ ತಿರುವುಗಳೂ ಹೆಚ್ಚಾಗಿರುವುದು ಊರಿಂದೂರಿಗೆ ಹೋಗುವ ಸಣ್ಣ ರಸ್ತೆಗಳಲ್ಲಿಯೇ ಅಲ್ಲವೆ?

ಬಿಚ್ಚಿದಾಗ ಕಂಡದ್ದು

ಆ ದಿನ ರೈತರು ಅರ್ಧ ಹೇರನ್ನು ಬೇರೊಂದು ಗಾಡಿಗೆ ಸಾಗಿಸಿ, ಆಳುಗಳನ್ನು ಬಸ್ಸಿಗೆ ಹತ್ತಿಸಿ, ಚಕ್ರ ಪೂರ್ತಿ ತಣಿದ ಮೇಲೆ ಕೆಳಗಿನ ಗೇರಿನಲ್ಲಿ ರಾಮನಗರ ಸೇರಿದರು. ಕಾದ ಡ್ರಮ್ಮಿಗೆ ನೀರು ಸುರಿಯಲು ಹೊರಟ ಹುಡುಗನನ್ನು ಅವರೇ ತಡೆದರು. ಅದು ಸರಿಯಾದ ಕೆಲಸ. ಕಾದ ಎರಕದ ಕಬ್ಬಿಣಕ್ಕೆ ಒಮ್ಮೆಲೆ ನೀರು ಬಿದ್ದರೆ ಬಿರುಕು ಬಿಡಬಹುದು.

ಮರುದಿನ ಕಾರ್ಯಾಗಾರದ ಮೇಸ್ತ್ರಿ ಕೆಲಸಕ್ಕಿಳಿದ ಕ್ರಮವನ್ನು ನಾವು ಗಮನಿಸಿದೆವು. ಸಮತಟ್ಟಾದ ನೆಲ, ಎತ್ತದಿರುವ ಚಕ್ರದ ಹಿಂದೆ ಮುಂದೆ ಕಲ್ಲು, ಜಾಕಿನಿಂದ ಅಚ್ಚನ್ನೆತ್ತಿ, ಕೆಳಗೆ ಗಟ್ಟಿಯಾದ ಮರದ ದಿಮ್ಮಿ. ಜಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ಕೈ ಹಾಕಬಾರದೆಂಬುದು ಅವರ ಮೊದಲ ಪಾಠ. ಆಮೇಲೆ ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದರು. ಕಟಕಟನೆ ಆಡಿದರೆ ಬೇರಿಂಗು ಸಡಿಲ. ಚಕ್ರವನ್ನು ತಿರುಗಿಸಿ ಕಿವಿಗೊಟ್ಟರು. ಗರಗರ ಸದ್ದು ಬಂದರೆ ಉರುಳೆಗಳು ಸವೆದಿವೆ.

ಕಾದಿದ್ದ ಎಡಚಕ್ರವನ್ನೇ ಮೊದಲು ಬಿಚ್ಚಿದರು. ಡ್ರಮ್ಮಿನ ಒಳಮೈಯಲ್ಲಿ ಅಲ್ಲಲ್ಲಿ ನೀಲಿಬಣ್ಣ, ಲೈನಿಂಗಿನ ಮೇಲೆ ಗಾಜಿನಂಥ ಹೊಳಪು. ಹಬ್ಬಿನೊಳಗಿನ ಗ್ರೀಸು ತೆಳ್ಳಗಾಗಿ ಕಪ್ಪೇರಿತ್ತು. ಬೇರಿಂಗು ಮಾತ್ರ ಸರಿಯಾಗಿತ್ತು. ಉರುಳೆಗಳಲ್ಲಿ ಗುಳಿಯಿಲ್ಲ, ಗೀರಿಲ್ಲ.

ಆಗ ಮೇಸ್ತ್ರಿ, "ತಣ್ಣಗಿರುವುದನ್ನು ಬಿಚ್ಚೋಣ ಸಾರ್, ಕಳ್ಳ ಅಲ್ಲಿದ್ದಾನೆ" ಎಂದರು. ಬಲಚಕ್ರದ ಡ್ರಮ್ಮನ್ನು ಎಳೆದಾಗ ಶೂಗಳೆಲ್ಲ ಗ್ರೀಸಿನಲ್ಲಿ ಮಿಂದಿದ್ದವು. ಆಯಿಲ್ ಸೀಲಿನ ತುಟಿ ಹರಿದು, ಬೇರಿಂಗಿನ ಗ್ರೀಸು ಬ್ರೇಕಿನ ಮನೆಗೆ ನುಗ್ಗಿತ್ತು.

ನಮ್ಮ ವಿದ್ಯಾರ್ಥಿಗಳಿಗೆ ಆಗ ಎಲ್ಲವೂ ಸ್ಪಷ್ಟವಾಯಿತು. ಆ ಟ್ರೇಲರಿನ ಬ್ರೇಕು ದ್ರವದ ಒತ್ತಡದಿಂದ ನಡೆಯುವಂಥದು. ಪಾಸ್ಕಲನ ನಿಯಮದಂತೆ ಎರಡು ಕಡೆಗೂ ಒತ್ತಡ ಸಮನಾಗಿಯೇ ಹೋಗಿತ್ತು. ಎಡಗಡೆ ಒತ್ತಡವು ಘರ್ಷಣೆಯಾಯಿತು, ಘರ್ಷಣೆ ಉಷ್ಣವಾಯಿತು. ಬಲಗಡೆ ಶೂ ಒತ್ತಿತು, ಗ್ರೀಸಿನ ಮೇಲೆ ಜಾರಿತು. ಘರ್ಷಣೆಯಿಲ್ಲ, ಆದ್ದರಿಂದ ಉಷ್ಣವಿಲ್ಲ, ಆದ್ದರಿಂದ ಬ್ರೇಕೂ ಇಲ್ಲ. ಇಬ್ಬರ ಹೊರೆಯನ್ನು ಎಡಚಕ್ರ ಒಂಟಿಯಾಗಿ ಹೊತ್ತಿತ್ತು. ಕಾದದ್ದು ಕೆಲಸ ಮಾಡಿದ ಚಕ್ರ. ತಣ್ಣಗಿದ್ದದ್ದು ಕೆಲಸ ತಪ್ಪಿಸಿಕೊಂಡ ಚಕ್ರ. ಬಿಸಿಯಾದುದನ್ನಷ್ಟೇ ರಿಪೇರಿ ಮಾಡಿ ಕಳುಹಿಸಿದ್ದರೆ ಮುಂದಿನ ದಿಣ್ಣೆಯಲ್ಲಿ ಅದೇ ಕಥೆ, ಬಹುಶಃ ಇನ್ನೂ ಕೆಟ್ಟ ಕೊನೆಯೊಡನೆ, ಮರುಕಳಿಸುತ್ತಿತ್ತು. ಸಾಮಾನ್ಯ ಲಿಥಿಯಮ್ ಗ್ರೀಸು ಸುಮಾರು 180 ಡಿಗ್ರಿಯಲ್ಲಿ ಕರಗಿ ಹನಿಯತೊಡಗುತ್ತದೆ. ಹಾಗಾದರೆ ಎಡಚಕ್ರದ ಬೇರಿಂಗೂ ಒಣಗಿ, ಬಿಗಿದು, ಚಕ್ರವೇ ಕಳಚಿ ಹೋಗಬಹುದಾಗಿತ್ತು.

ಮತ್ತೆ ಜೋಡಿಸುವ ಬಗೆ

ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಬೇಕು. ಉರುಳೆಗಳಲ್ಲಿ ಗುಳಿ, ಸಿಪ್ಪೆಯೆದ್ದ ಗುರುತು, ನೀಲಿಬಣ್ಣ ಕಂಡರೆ ಬೇರಿಂಗನ್ನೂ ಅದರ ಹೊರ ಉಂಗುರವನ್ನೂ ಒಟ್ಟಿಗೆ ಬದಲಾಯಿಸಬೇಕು. ಹಳೆಯ ಗ್ರೀಸು ಹಾಲಿನಂತೆ ಬಿಳುಪೇರಿದ್ದರೆ ನೀರು ಹೊಕ್ಕಿದೆ; ಬೆರಳ ಮೇಲೆ ಮಿನುಗಿದರೆ ಲೋಹ ಸವೆದಿದೆ. ಹೊಸ ಗ್ರೀಸನ್ನು ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸನ್ನಿಟ್ಟುಕೊಂಡು ಬೇರಿಂಗಿನ ಅಗಲವಾದ ಬದಿಯನ್ನು ಅದಕ್ಕೆ ಒತ್ತುತ್ತ, ಆಚೆ ತುದಿಯಲ್ಲಿ ಗ್ರೀಸು ಹೊರಬರುವವರೆಗೆ ತುಂಬಬೇಕು. ಬೇರೆ ಬೇರೆ ಜಾತಿಯ ಗ್ರೀಸುಗಳನ್ನು ಬೆರೆಸಬಾರದು. ಆಯಿಲ್ ಸೀಲನ್ನು ಬಿಚ್ಚಿದಾಗಲೆಲ್ಲ ಹೊಸದನ್ನೇ ಹಾಕಬೇಕು.

ಅಚ್ಚಿನ ತುದಿಯ ನಟ್ಟನ್ನು ಬಿಗಿಯುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಚಕ್ರವನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು ಉರುಳೆಗಳನ್ನು ಅವುಗಳ ಸ್ಥಾನದಲ್ಲಿ ಕೂರಿಸಿ, ಅನಂತರ ಸ್ವಲ್ಪ ಸಡಿಲಿಸಿ, ಹತ್ತಿರದ ತೂತಿಗೆ ಸರಿಯಾಗಿ ಹೊಸ ಸ್ಪ್ಲಿಟ್ ಪಿನ್ನನ್ನು ಹಾಕಬೇಕು. ಈ ಪಿನ್ನು ಹಳೆಯ ಕಡಾಣಿಯ ಮೊಮ್ಮಗ. ಬೆಲೆ ಅಲ್ಪ, ಹೊಣೆ ದೊಡ್ಡದು. ನಟ್ಟು ಸಡಿಲವಾದರೆ ಉರುಳೆಗಳು ಬಡಿದುಕೊಳ್ಳುತ್ತವೆ. ಅತಿ ಬಿಗಿಯಾದರೆ ಇನ್ನೂ ಕೇಡು: ಬಿಗಿತದಿಂದ ಉಷ್ಣ, ಉಷ್ಣದಿಂದ ಹಿಗ್ಗುವಿಕೆ, ಹಿಗ್ಗುವಿಕೆಯಿಂದ ಮತ್ತಷ್ಟು ಬಿಗಿತ.

ಗ್ರೀಸು ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು ಬಳಸುವ ರೂಢಿಯುಂಟು. ಇದು ತಪ್ಪು. ಒಳಗೆ ಇಳಿದ ಗ್ರೀಸು, ಲೈನಿಂಗು ಕಾದಾಗ ಮತ್ತೆ ಮೇಲೆ ಬರುತ್ತದೆ. ಲೈನಿಂಗನ್ನು ಎರಡು ಕಡೆಯೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಕಡೆ ಬದಲಾಯಿಸಿದರೆ ಹಿಡಿತ ಸಮನಾಗದು. ರಿವೆಟ್ಟಿನ ತಲೆಗಳು ಲೈನಿಂಗಿನ ಮೇಲ್ಮೈಗೆ ಸಮೀಪಿಸಿದ್ದರೆ ಅದರ ಆಯುಸ್ಸು ಮುಗಿದಂತೆ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಬ್ರೇಕಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು. ಆ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಯುರೋಪು ಅಮೆರಿಕಗಳಲ್ಲಿ ಕುಟುಂಬಗಳು ಮಲಗುವ ಕೋಣೆ, ಅಡಿಗೆಯ ಮನೆಗಳಿರುವ ಟ್ರೇಲರುಗಳನ್ನು ಕಾರಿಗೆ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಂಥವುಗಳ ಬ್ರೇಕು ಬೇರಿಂಗುಗಳನ್ನು ವರ್ಷಕ್ಕೊಮ್ಮೆ, ಇಲ್ಲವೆ ಸುಮಾರು 19,000 ಕಿಲೋಮೀಟರಿಗೊಮ್ಮೆ ಬಿಚ್ಚಿ ನೋಡಬೇಕೆಂಬುದು ಅಲ್ಲಿಯ ಸಾಮಾನ್ಯ ಸಲಹೆ. ಕೆಸರುಗದ್ದೆ, ಧೂಳುರಸ್ತೆ, ಮಿತಿಮೀರಿದ ಹೇರು ಇವುಗಳಲ್ಲಿ ದುಡಿಯುವ ನಮ್ಮ ಟ್ರೇಲರುಗಳಿಗೆ ಮಳೆಗಾಲ ಮುಗಿದೊಡನೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ನೋಡಿದರೆ ಅತಿಯಾಗದು.

ಬಿಚ್ಚುವುದು ಮೇಸ್ತ್ರಿಯ ಕೆಲಸವೆಂದರೂ, ದಿನದಿನದ ಪರೀಕ್ಷೆ ಯಾರಿಂದಲಾದರೂ ಆಗುವಂಥದು. ಗಾಡಿ ನಿಂತಾಗ ಪ್ರತಿ ಹಬ್ಬಿನ ಬಳಿಗೂ ಅಂಗೈಯ ಹಿಂಬದಿಯನ್ನು, ತಾಗಿಸದೆ, ಸಮೀಪ ತರಬೇಕು. ಚರ್ಮಕ್ಕೆ ತಟ್ಟುವ ಬಿಸಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಸಮನಾಗಿರಬೇಕು. ಸಂಶಯವಿದ್ದರೆ ಬೆರಳ ತುದಿಯಿಂದ ಒಂದೇ ಹನಿ ನೀರನ್ನು ಚಿಮುಕಿಸಬಹುದು. ಚುರ್ ಎಂದರೆ ಉಷ್ಣತೆ ನೂರು ಡಿಗ್ರಿ ದಾಟಿದೆ. ಭೇದ ಕಂಡಾಗ ಬಿಸಿಯಾದುದನ್ನು ಮಾತ್ರ ದೂರಬಾರದು, ತಣ್ಣಗಿರುವುದನ್ನೂ ವಿಚಾರಿಸಬೇಕು.

ಹೊಸ ಸೀಲು, ಹೊಸ ಲೈನಿಂಗು ಹಾಕಿಸಿಕೊಂಡು ಹೊರಡುವ ಮುನ್ನ ಆ ರೈತರು ಖಾಲಿ ಟ್ರೇಲರನ್ನು ಒಂದು ಸುತ್ತು ಓಡಿಸಿ ತಂದು, ಒಂದೊಂದು ಚಕ್ರದ ಮುಂದೆಯೂ ಬಗ್ಗಿ ಕೈ ಹಿಡಿದು ನೋಡಿದರು. "ಎರಡೂ ಒಂದೇ ಸಮ ಇದೆ ಮೇಷ್ಟ್ರೇ" ಎಂದರು. ಹರಿದ ಹಳೆಯ ಸೀಲನ್ನು ನಾವು ಅವರಿಂದ ಕೇಳಿ ಪಡೆದೆವು. ಘರ್ಷಣೆಯ ಪಾಠ ಮಾಡುವ ದಿನ ಅದು ನಮ್ಮ ಪ್ರಯೋಗಶಾಲೆಯ ಮೇಜಿನ ಮೇಲೆ, ಚನ್ನಪಟ್ಟಣದ ಬುಗುರಿಯೊಂದರ ಪಕ್ಕದಲ್ಲಿ, ಕುಳಿತಿರುತ್ತದೆ.